ಗಣಿ ಕೆಲಸಗಾರನ ಮನೆ ಮಾರಾಟಕ್ಕಿದೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮೊಬೈಲಿಗೆ ಒಂದು ಜಾಹೀರಾತಿನ ಚಿತ್ರವನ್ನು ಕಳುಹಿಸಿದರು. ಅವರಿಗೀಗ ಅರವತ್ತು ದಾಟಿದೆ. ಆದರೂ ನನ್ನ ಪಾಲಿಗೆ ಅವರು ಎರಡನೆಯ ಬೆಂಚಿನ ಹುಡುಗನೇ. ಅವರ ಮಗ ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿರುವ ಕಾರ್ನ್‌ವಾಲ್ ಎಂಬ ಸೀಮೆಯಲ್ಲಿ ನೌಕರಿಯಲ್ಲಿದ್ದಾನೆ. ಅಲ್ಲಿ ಅವನ ಕಣ್ಣಿಗೆ ಬಿದ್ದ ಜಾಹೀರಾತು ತಂದೆಯ ಕೈದಾಟಿ ನನ್ನವರೆಗೂ ಬಂದಿತ್ತು. ಹತ್ತೊಂಬತ್ತನೆಯ ಶತಮಾನದ ಗಣಿ ಕೆಲಸಗಾರನೊಬ್ಬನ ಪುಟ್ಟ ಮನೆ ಮಾರಾಟಕ್ಕಿದೆ, ‘ಪೀರಿಯಡ್ ಫೀಚರ್ಸ್’ ಸಹಿತವಾಗಿ ಎಂಬುದು ಅದರ ಒಕ್ಕಣೆ. ಈ ಮಾತನ್ನು ಕನ್ನಡದಲ್ಲಿ ‘ಕಾಲದ ಕುರುಹುಗಳು’ ಎನ್ನಬಹುದೇನೋ. ಕುರುಹುಗಳ ಪಟ್ಟಿಯೂ ಅಲ್ಲಿತ್ತು: ದಪ್ಪನೆಯ ಕಗ್ಗಲ್ಲಿನ ಗೋಡೆ, ತೆಳುಗಲ್ಲಿನ ಹೊದಿಕೆ, ಹಾಸುಗಲ್ಲಿನ ನೆಲ, ತಲೆಬಾಗಿ ಒಳಹೊಗಬೇಕಾದ ಬಾಗಿಲು, ಮೇಲೆ ಕೆಳಗೆ ಜಾರುವ ಕಿಟಕಿ, ರೊಟ್ಟಿ ಸುಡಲು ಗೋಡೆಯೊಳಗೇ ಕೂರಿಸಿದ ಮಣ್ಣಿನ ಒಲೆ. ಬೆಲೆ ನಮ್ಮ ಹಣದಲ್ಲಿ ಎರಡು ಕೋಟಿಗೂ ಮೇಲೆ.

ಚಿತ್ರದ ಕೆಳಗೆ ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರು: ‘ಸಾರ್, ನಮ್ಮ ಲೈನ್ ಮನೇನೂ ತಾತನ ಕಾಲದ್ದೇ. ನಮ್ಮದಕ್ಕೆ ಎಷ್ಟು ಬರಬಹುದು?’

ತಮಾಷೆಗೆಂದೇ ಕೇಳಿದ್ದು. ಆದರೆ ನನಗೆ ನಗು ಬರಲಿಲ್ಲ. ಉತ್ತರ ಬರೆಯಲು ಕುಳಿತೆ. ಎರಡು ಸಾಲು ಬರೆದು ಅಳಿಸಿದೆ. ಈ ಬರಹವನ್ನೇ ಅವರಿಗೆ ಕೊಡಬೇಕಾದ ಉತ್ತರವೆಂದು ಓದುಗರು ತಿಳಿಯಬೇಕಾಗಿ ವಿನಂತಿ.

ನಾನು ಹುಟ್ಟಿ ಬೆಳೆದದ್ದು ಕೃಷ್ಣರಾಜನಗರದಿಂದ ಹಾಸನಕ್ಕೆ ಹೋಗುವ ರಸ್ತೆಯ ಮೇಲಿರುವ ಭೇರ್ಯದಲ್ಲಿ. ಮನೆ ಎಂದರೆ ಮುಂದೆ ಜಗಲಿ, ಹಿಂದೆ ಹಿತ್ತಲು, ಪಕ್ಕದಲ್ಲಿ ಕೊಟ್ಟಿಗೆ ಎಂಬುದೇ ನನ್ನ ತಿಳಿವಳಿಕೆ. ಮನೆ ಹಂಚಿನದೋ ಹುಲ್ಲಿನದೋ ಎಂಬ ವ್ಯತ್ಯಾಸ ತಿಳಿದಿತ್ತು. ಮನೆಯಲ್ಲಿರುವವರೊಬ್ಬರು, ಮನೆ ಇನ್ನೊಬ್ಬರದು ಎಂಬ ವ್ಯತ್ಯಾಸ ಅಷ್ಟಾಗಿ ತಿಳಿದಿರಲಿಲ್ಲ. 1974ರಲ್ಲಿ ಕೋಲಾರದ ಚಿನ್ನದ ಗಣಿಯ ಊರಿಗೆ ಕನ್ನಡ ಉಪಾಧ್ಯಾಯನಾಗಿ ನೇಮಕವಾದಾಗ ನನ್ನ ತಾಯಿ ‘ಅಷ್ಟು ದೂರ ಒಬ್ಬನೇ ಹೋಗ್ಬೇಕೇನಪ್ಪ’ ಎಂದು ಕಣ್ಣೀರು ಹಾಕಿದ್ದರು. ಅವರಿಗೆ ತಿಳಿಯದ ಸಂಗತಿಯೊಂದಿತ್ತು. ನಮ್ಮ ಚುಂಚನಕಟ್ಟೆಯಲ್ಲಿ ಧುಮುಕಿ ಮುಂದೆ ಸಾಗುವ ಕಾವೇರಿ ಶಿವನಸಮುದ್ರದಲ್ಲಿ ಮತ್ತೊಮ್ಮೆ ಧುಮುಕುತ್ತಾಳೆ. ಅಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ತಂತಿಯ ಮೇಲೆ ಮೊದಲು ಹೋದದ್ದು ಬೆಂಗಳೂರಿಗೂ ಅಲ್ಲ, ಮೈಸೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗೆ. ಹಾಗೆ ನೋಡಿದರೆ ನಮ್ಮೂರ ಕಡೆಯ ನದಿ ನನಗಿಂತ ಎಪ್ಪತ್ತೆರಡು ವರ್ಷ ಮೊದಲೇ ಅಲ್ಲಿಗೆ ವರ್ಗವಾಗಿ ಹೋಗಿತ್ತು.

ಜಾಹೀರಾತಿನ ಕಾರ್ನ್‌ವಾಲ್‌ಗೂ ಕೋಲಾರಕ್ಕೂ ಹಳೆಯ ನಂಟುಂಟು. 1880ರಿಂದ ಈ ಗಣಿಗಳ ಆಡಳಿತಕ್ಕೆ ಬಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾರ್ನ್‌ವಾಲ್‌ನಿಂದ ನುರಿತ ಗಣಿಗಾರರನ್ನು ಕರೆತಂದಿತು. ಅಲ್ಲಿ ತವರ ಮತ್ತು ತಾಮ್ರದ ಗಣಿಗಳು ಸೊರಗುತ್ತಿದ್ದ ಕಾಲ ಅದು. ಹೊಟ್ಟೆಪಾಡಿಗಾಗಿ ಸಮುದ್ರ ದಾಟಿ ಬಂದ ಅವರು ಇಲ್ಲಿ ಮೇಲ್ವಿಚಾರಕರಾದರು. ನೆಲದಡಿಯ ಕಷ್ಟದ ಕೆಲಸಕ್ಕೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಜನ ಬಂದರು. ಅವರಲ್ಲಿ ಹೆಚ್ಚಿನವರು ತಮಿಳು ಮಾತಿನ ದಲಿತರು. ಹುಟ್ಟಿದ ಊರಿನಲ್ಲಿ ತುಂಡು ಭೂಮಿಯಿಲ್ಲದವರು, ಊರ ಹೊರಗೆ ಬದುಕಿದವರು. ಗಣಿಯ ಕತ್ತಲೆಯಲ್ಲಿ ಅವರಿಗೆ ತಿಂಗಳ ಸಂಬಳ ಕಂಡಿತು. ಆ ಬೆಳಕನ್ನು ನಾವು ಕಡೆಗಣಿಸಬಾರದು.

ಮೇಲ್ವಿಚಾರಕರಿಗೆ ಬಂಗಲೆ, ಅದರ ಸುತ್ತ ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನ. ಇವುಗಳನ್ನು ಕಂಡ ಜನ ಆ ಊರನ್ನು ‘ಲಿಟಲ್ ಇಂಗ್ಲೆಂಡ್’ ಎಂದು ಕರೆದರು. ಕೆಲಸಗಾರರಿಗೆ ‘ಲೈನು’ಗಳು. ಸಾಲುಸಾಲಾಗಿ ಕಟ್ಟಿದ್ದರಿಂದ ಆ ಹೆಸರು. ಮೊದಲಿಗೆ ಬಿದಿರು ತಟ್ಟಿಯ ಗೋಡೆಗಳ ಗುಡಿಸಲುಗಳಿದ್ದವು; ಅನಂತರ ಅಲ್ಲಲ್ಲಿ ಕಲ್ಲು, ಇಟ್ಟಿಗೆ, ತಗಡುಗಳು ಬಂದವು. ಮಾರಿಕುಪ್ಪ, ಚಾಂಪಿಯನ್ ರೀಫ್ಸ್, ಊರಿಗಾಂ, ಕೋರಮಂಡಲ್ ಎಂದು ಒಂದೊಂದು ಗಣಿಯ ಸುತ್ತಲೂ ಇಂಥ ಸಾಲುಗಳ ಊರು ಬೆಳೆಯಿತು. ಈ ಊರು ಕಟ್ಟಿದವರ ಬದುಕನ್ನು ಅರಿಯಬಯಸುವವರು ಇತಿಹಾಸಕಾರ್ತಿ ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟಿಸಿದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಗ್ರಂಥವನ್ನು ನೋಡಬಹುದು.

ನಾನು ಮೊದಲ ಬಾರಿಗೆ ಲೈನ್ ಮನೆಯೊಂದನ್ನು ಹೊಕ್ಕದ್ದು ಇದೇ ವಿದ್ಯಾರ್ಥಿಯ ಮನೆಯನ್ನು. ಹುಡುಗ ನಾಲ್ಕು ದಿನ ಶಾಲೆಗೆ ಬಂದಿರಲಿಲ್ಲ. ಹುಡುಕಿಕೊಂಡು ಹೋದಾಗ ಅವನು ಮನೆಯ ಹೊರಗೆ ಮಣ್ಣಿನ ಮೇಲೆ ಕುಳಿತು ಲೆಕ್ಕ ಮಾಡುತ್ತಿದ್ದ. ಒಳಗೆ ಯಾಕೆ ಕೂರಬಾರದು ಎಂದು ಕೇಳಿದೆ. ‘ಅಪ್ಪ ನೈಟ್ ಶಿಫ್ಟ್ ಮುಗಿಸಿ ಮಲಗಿದಾರೆ ಸಾರ್’ ಎಂದ. ಇದ್ದದ್ದು ಒಂದೇ ಕೋಣೆ. ಅದರ ಒಂದು ಮೂಲೆ ಅಡುಗೆಮನೆ, ಇನ್ನೊಂದು ಮೂಲೆ ದೇವರಮನೆ, ಮಿಕ್ಕದ್ದು ಪಡಸಾಲೆಯೂ ಹೌದು, ಮಲಗುವ ಮನೆಯೂ ಹೌದು. ಗೋಡೆಯ ಮೇಲೆ ಅಂಬೇಡ್ಕರ್ ಅವರ ಚಿತ್ರವಿದ್ದ ಕ್ಯಾಲೆಂಡರು, ಗೂಡಿನಲ್ಲಿ ಮುರುಗನ ಪಟ. ಏಳು ಜನರ ಸಂಸಾರ ಆ ಕೋಣೆಯನ್ನು ಪಾಳಿಯ ಪ್ರಕಾರ ಹಂಚಿಕೊಂಡಿತ್ತು. ಗಣಿಯಲ್ಲಿ ಮೂರು ಪಾಳಿ ಇದ್ದಂತೆ ಮನೆಯಲ್ಲಿ ನಿದ್ದೆಗೂ ಪಾಳಿ ಇತ್ತು.

ಸಾಲಿನ ಕೊನೆಯಲ್ಲಿ ಒಂದು ನಲ್ಲಿ. ಅದರ ಮುಂದೆ ಬಿಂದಿಗೆಗಳ ಇನ್ನೊಂದು ಸಾಲು. ಅದರಾಚೆ ಎಲ್ಲರಿಗೂ ಸೇರಿದ ಪಾಯಿಖಾನೆ. ಎದುರಿಗೆ ಬೆಟ್ಟದಂತೆ ಬೆಳೆದ ಸೈನೈಡ್ ಗುಡ್ಡ. ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಹುಡಿಯನ್ನು ಸುರಿದು ಸುರಿದು ಆದ ಗುಡ್ಡ ಅದು. ಆಷಾಢದ ಗಾಳಿ ಬೀಸಿತೆಂದರೆ ಅನ್ನದ ಮೇಲೂ ಪುಸ್ತಕದ ಮೇಲೂ ಬೂದಿಬಣ್ಣದ ದೂಳು. ಆ ಮನೆಯೊಡತಿ ದಿನಕ್ಕೆ ಮೂರು ಬಾರಿ ನೆಲ ಒರೆಸುತ್ತಿದ್ದರು. ಹೊಸ್ತಿಲ ಮುಂದೆ ಎಳೆದ ಅಕ್ಕಿಹಿಟ್ಟಿನ ರಂಗೋಲಿ ಮಾತ್ರ ಎಂದೂ ತಪ್ಪಿದ್ದಿಲ್ಲ. ನಮ್ಮೂರಿನ ತೊಟ್ಟಿಮನೆಗಳಲ್ಲೂ ಅಷ್ಟು ಚೊಕ್ಕಟವಾದ ಹೊಸ್ತಿಲನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಆ ಮನೆಯಲ್ಲಿ ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಸ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ನೆಲದಿಂದ ಸೂರಿನವರೆಗೆ ಓರೆಯಾಗಿ ಒಂದು ಬಿರುಕು ಓಡಿತ್ತು. ಅದರುದ್ದಕ್ಕೂ ಅಲ್ಲಲ್ಲಿ ಸೀಸದ ಕಡ್ಡಿಯಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿತ್ತು. ಕೋಲಾರದ ಗಣಿಗಳು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ವಿಪರೀತ. ಒಮ್ಮೊಮ್ಮೆ ಬಂಡೆ ಸಿಡಿಯುತ್ತದೆ. ಅದನ್ನು ಅಲ್ಲಿಯವರು ‘ರಾಕ್ ಬರ್ಸ್ಟ್’ ಎನ್ನುತ್ತಾರೆ. ಕೆಳಗೆ ಸಿಡಿದರೆ ಮೇಲೆ ನೆಲ ನಡುಗುತ್ತದೆ, ಪಾತ್ರೆಗಳು ಉರುಳುತ್ತವೆ, ಗೋಡೆ ಬಿರಿಯುತ್ತದೆ. ಹುಡುಗನ ತಂದೆ ಪ್ರತಿ ಸಿಡಿತದ ಬಳಿಕ ಬಿರುಕಿನ ತುದಿಗೆ ಗೆರೆ ಎಳೆದು ದಿನ ಬರೆಯುತ್ತಿದ್ದರು. ಎಷ್ಟು ಬೆಳೆಯಿತು ಎಂದು ತಿಳಿಯಲು. ‘ನೆಲ ನಡುಗಿದ ಕೂಡಲೇ ಹೆಂಗಸರು ಮನೆ ನೋಡೋದಿಲ್ಲ ವಾದ್ಯಾರೇ, ಗಣಿ ಬಾಗಿಲಿಗೆ ಓಡ್ತಾರೆ’ ಎಂದು ಅವರು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ.

ಜಾಹೀರಾತಿನ ಭಾಷೆಯಲ್ಲಿ ಹೇಳುವುದಾದರೆ ಆ ಬಿರುಕೇ ಆ ಮನೆಯ ನಿಜವಾದ ಕಾಲದ ಕುರುಹು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಹುಡುಗ ಜಾಣ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದವು. ತಮಿಳು ಮನೆಮಾತಿನ ಹುಡುಗ ಕನ್ನಡದಲ್ಲಿ ತರಗತಿಗೇ ಮೊದಲಿಗ. ಅವನನ್ನು ಮುಂದೆ ಓದಿಸಿ ಎಂದು ಕೇಳಲು ನಾನು ತಂದೆಯ ಬಳಿಗೆ ಹೋದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: ‘ನಾನು ರಿಟೈರ್ ಆಗೋ ಹೊತ್ತಿಗೆ ಮನೆಯಲ್ಲಿ ಒಬ್ಬನಾದರೂ ಗಣಿಯಲ್ಲಿರಬೇಕು. ಇಲ್ಲದಿದ್ದರೆ ಈ ಮನೆ ಬಿಡಬೇಕಾಗುತ್ತೆ. ಇವಳನ್ನ, ಈ ಮಕ್ಕಳನ್ನ ಎಲ್ಲಿಗೆ ಕರೆದುಕೊಂಡು ಹೋಗಲಿ?’ ನನ್ನಲ್ಲಿ ಉತ್ತರವಿರಲಿಲ್ಲ. ಅದು ಯಾರೊಬ್ಬರ ತಪ್ಪೆಂದು ಹೇಳಲಾರೆ. ಕೆಲಸವಿದ್ದರೆ ಮನೆ, ಕೆಲಸ ಹೋದರೆ ಮನೆಯೂ ಹೋಯಿತು ಎಂಬುದು ಜಗತ್ತಿನ ದುಡಿಮೆಯ ಊರುಗಳಲ್ಲೆಲ್ಲ ಇದ್ದ ಕಟ್ಟಳೆ. ಹುಡುಗ ಹದಿನೆಂಟು ತುಂಬುತ್ತಲೇ ಗಣಿಗಿಳಿದ. ಹತ್ತಡಿ ಅಗಲದ ಒಂದು ಕೋಣೆ ಒಬ್ಬ ಹುಡುಗನ ಹಣೆಬರಹ ಬರೆಯಿತು. ನಾನು ಅದೇ ವರ್ಷ ವರ್ಗವಾಗಿ ನಮ್ಮ ಜಿಲ್ಲೆಗೆ ಹಿಂತಿರುಗಿದೆ.

ಮುಂದಿನದು ಎಲ್ಲರಿಗೂ ತಿಳಿದದ್ದೇ. 1956ರಲ್ಲಿ ಮೈಸೂರು ರಾಜ್ಯದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದಿದ್ದ ಗಣಿಗಳು 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಹೆಸರಿನಲ್ಲಿ ನಡೆದು 2001ರ ಫೆಬ್ರವರಿ ಕೊನೆಗೆ ಮುಚ್ಚಿದವು. ಗಣಿ ನಿಂತರೂ ಜನ ನಿಲ್ಲುವಂತಿಲ್ಲವಲ್ಲ! ನಸುಕಿನಲ್ಲೇ ರೈಲು ಹತ್ತಿ, ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ದುಡಿದು, ರಾತ್ರಿ ಅದೇ ಲೈನ್ ಮನೆಗೆ ಬಂದು ಮಲಗುವ ಸಾವಿರಾರು ಜನರ ಊರಾಯಿತು ಅದು. ನನ್ನ ವಿದ್ಯಾರ್ಥಿಯೂ ಹಾಗೆಯೇ ಇಪ್ಪತ್ತು ವರ್ಷ ರೈಲಿನಲ್ಲಿ ಓಡಾಡಿ ಮಗನನ್ನು ಓದಿಸಿದರು. ತಂದೆ ಗಣಿಗೆ ಇಳಿದರು, ಮಗ ಇಳಿದರು, ಮೊಮ್ಮಗ ಆ ಗಣಿಯ ಮೇಲ್ವಿಚಾರಕರ ಸೀಮೆಗೇ ಹೋಗಿ ನೌಕರಿ ಹಿಡಿದ. ಇದನ್ನು ನೆನೆದಾಗ ನನಗಾಗುವ ಹೆಮ್ಮೆಯನ್ನು ಮರೆಮಾಡಲಾರೆ.

ಈಗ ಜಾಹೀರಾತಿಗೆ ಹಿಂತಿರುಗುತ್ತೇನೆ. ಕಾರ್ನ್‌ವಾಲ್‌ನಲ್ಲೂ ಗಣಿಗಳು ಮುಚ್ಚಿದವು. ಕೊನೆಯದಾಗಿ ಉಳಿದಿದ್ದ ಸೌತ್ ಕ್ರಾಫ್ಟಿ ತವರದ ಗಣಿಗೆ 1998ರಲ್ಲಿ ಬೀಗ ಬಿತ್ತು; ನಮ್ಮದಕ್ಕಿಂತ ಮೂರು ವರ್ಷ ಮೊದಲು. ಆದರೆ 2006ರಲ್ಲಿ ಯುನೆಸ್ಕೊ ಅಲ್ಲಿನ ಗಣಿ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಂಜಿನ್ ಮನೆಗಳ ಜೊತೆಗೆ ಗಣಿ ಕೆಲಸಗಾರರ ವಸತಿಗಳೂ ಅವರ ತುಂಡು ಹೊಲಗಳೂ ಅದರಲ್ಲಿ ಸೇರಿವೆ. ಆ ದೇಶದಲ್ಲಿ ಹಳೆಯ ಮನೆಯೊಂದು ಪಾರಂಪರಿಕ ಪಟ್ಟಿಯಲ್ಲಿದ್ದರೆ ಮಾಲೀಕನಾದರೂ ಅದರ ಸ್ವರೂಪ ಕೆಡಿಸಲು ಅನುಮತಿ ಬೇಕು. ಅರಮನೆಗೆ ಇರುವ ಗೌರವ ಆಳಿನ ಮನೆಗೂ ಇರಬಲ್ಲದು ಎಂಬುದನ್ನು ಅವರು ಕಾನೂನಿನಲ್ಲೇ ಒಪ್ಪಿಕೊಂಡಿದ್ದಾರೆ.

ಇದನ್ನು ಮೆಚ್ಚಿ ಕೈಮುಗಿದು ಸುಮ್ಮನಾಗೋಣವೇ? ಇಲ್ಲ. ಆ ಮನೆಗೆ ಎರಡು ಕೋಟಿ ಕೊಟ್ಟು ಕೊಳ್ಳುವವರು ಯಾರು? ಗಣಿಗಾರರ ಮೊಮ್ಮಕ್ಕಳಂತೂ ಹೆಚ್ಚಾಗಿ ಅಲ್ಲ. ಹಣವಂತರು ಬೇಸಿಗೆಯ ನಾಲ್ಕು ವಾರ ಕಳೆಯಲೆಂದು ಎರಡನೆಯ ಮನೆಯಾಗಿ ಕೊಳ್ಳುತ್ತಾರೆ. ಊರಿನ ಯುವಕರಿಗೆ ಊರಿನಲ್ಲೇ ಸೂರು ಸಿಗುವುದಿಲ್ಲ. ಈ ಕಷ್ಟ ಎಲ್ಲಿಗೆ ಮುಟ್ಟಿತೆಂದರೆ, ಅಲ್ಲಿನ ಸೇಂಟ್ ಐವ್ಸ್ ಎಂಬ ಪಟ್ಟಣದವರು 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ಹೊರಗಿನವರ ಎರಡನೆಯ ಮನೆಗಳಾಗಕೂಡದು ಎಂದು ತೀರ್ಮಾನಿಸಿದರು. ಅಲ್ಲಿ ಗೋಡೆ ಉಳಿಯಿತು, ಗೋಡೆಯೊಳಗಿನ ಜನ ಚದುರಿದರು. ರೊಟ್ಟಿ ಸುಡುವ ಒಲೆ ಗೋಡೆಯಲ್ಲಿದೆ. ಹಸಿವು ಇಲ್ಲ, ಹಿಟ್ಟು ಕಲಸುವ ಕೈಯೂ ಇಲ್ಲ.

ನಮ್ಮಲ್ಲಿ ಆದದ್ದು ಇದರ ತಿರುವುಮುರುವು. ಜನ ಉಳಿದರು, ಅವರ ಮನೆಗೆ ಚರಿತ್ರೆಯೆಂಬುದೊಂದಿದೆ ಎಂದು ಯಾರೂ ಎಣಿಸಲಿಲ್ಲ. ಸೈನೈಡ್ ಗುಡ್ಡಗಳಲ್ಲಿ ಇನ್ನೂ ಎಷ್ಟು ಚಿನ್ನವಿದೆ ಎಂಬ ಲೆಕ್ಕ ಸಿಕ್ಕಿದೆ. ಹದಿಮೂರು ಗುಡ್ಡಗಳನ್ನು, ಅಂದರೆ ಸುಮಾರು ಸಾವಿರ ಎಕರೆಯನ್ನು, ಮತ್ತೆ ಜಾಲಾಡುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್ ತಿಂಗಳಿನಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ನೀಡಿತು. 2018ರಲ್ಲೂ 2022ರಲ್ಲೂ ತೆರೆಕಂಡ ಎರಡು ಚಲನಚಿತ್ರಗಳಿಂದಾಗಿ ಆ ಊರಿನ ಹೆಸರಿನ ಮೂರು ಅಕ್ಷರಗಳನ್ನು ದೇಶವೆಲ್ಲ ಜಪಿಸಿತು. ಹುಡಿಗೆ ಬೆಲೆ ಬಂತು, ಹೆಸರಿಗೆ ಬೆಲೆ ಬಂತು. ಮನೆಗೆ? ಗಣಿ ಮುಚ್ಚಿದ ಮೇಲೆ ಅಲ್ಲಿಯ ಕುಟುಂಬಗಳನ್ನು ಬಹುವಾಗಿ ಕಾಡಿದ್ದು ‘ಇದು ನಮ್ಮದೇ ಮನೆಯೇ?’ ಎಂಬ ಪ್ರಶ್ನೆ.

ಇದು ದೂರದ ಕೋಲಾರದ ಮಾತಾಯಿತು ಎಂದು ನಮ್ಮ ಸೀಮೆಯ ಓದುಗರು ಭಾವಿಸಬಾರದು. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ಹಳ್ಳಿಗಳಿಂದ ಬೆಳಗಿನ ಜಾವ ಜೀಪುಗಳಲ್ಲಿ ಒತ್ತಾಗಿ ಕುಳಿತು ಕೊಡಗಿನ ಕಾಫಿ ತೋಟಗಳಿಗೆ ಹೋಗುವವರನ್ನು ನಾವು ನೋಡುತ್ತಲೇ ಇದ್ದೇವೆ. ಅಲ್ಲಿಯೇ ಉಳಿದು ದುಡಿಯುವವರಿಗೆ ತೋಟದೊಳಗೆ ಇರುವುದೂ ‘ಲೈನ್ ಮನೆ’ಯೇ. ಹೆಸರೂ ಅದೇ, ಕಟ್ಟಳೆಯೂ ಅದೇ. ತೋಟದ ಕೆಲಸಗಾರರಿಗೆ ವಸತಿ ಕೊಡುವುದನ್ನು 1951ರ ಕಾಯಿದೆ ಮಾಲೀಕರ ಹೊಣೆಯಾಗಿಸಿತು. ಸೂರು ಸಿಕ್ಕಿತು, ಸರಿ. ಆದರೆ ಮೂರು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಸತ್ತರೂ ಆ ಸೂರು ಅವರದಾಗಲಿಲ್ಲ. 2016ರಲ್ಲಿ ಇಂಥ ಲೈನ್ ಮನೆಗಳನ್ನು ಬಿಟ್ಟು ಬಂದ ಹಲವಾರು ಆದಿವಾಸಿ ಕುಟುಂಬಗಳು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವು. ಆ ಡಿಸೆಂಬರಿನಲ್ಲಿ ಗುಡಿಸಲುಗಳನ್ನು ಕಿತ್ತದ್ದು, ಅದರ ಮೇಲೆ ನಡೆದ ಹೋರಾಟ, ಅನಂತರ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಕೊಟ್ಟ ಪುನರ್ವಸತಿ ಪತ್ರಿಕೆ ಓದುವವರಿಗೆ ನೆನಪಿರಬೇಕು. ಸಂಬಳವಿದ್ದ ಕಡೆ ಬಿಟ್ಟು ಬಯಲಿಗೆ ಯಾಕೆ ಬಂದರು ಎಂದು ಅಂದು ಅನೇಕರು ಕೇಳಿದರು. ಮನೆಯೊಂದು ನಮ್ಮದೆಂಬ ಮಾತಿಗಿರುವ ತೂಕ ಮನೆಯಿದ್ದವರಿಗೆ ತಿಳಿಯುವುದು ಕಷ್ಟ.

ಪರಂಪರೆ ಎಂಬ ಮಾತು ಬಂದಾಗ ನಮ್ಮ ಕಣ್ಣು ಹೋಗುವುದು ಮೇಲಕ್ಕೇ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಆರಂಭವಾದದ್ದು. ಮಕ್ಕಳನ್ನು ಎಷ್ಟು ಬಾರಿ ಪ್ರವಾಸಕ್ಕೆ ಕರೆದೊಯ್ದಿದ್ದೇನೆಂಬ ಲೆಕ್ಕವಿಲ್ಲ. ಮಹಾರಾಣಿಯವರ ರೈಲು ಗಾಡಿಯನ್ನು ಎಲ್ಲರೂ ಬೆರಗಿನಿಂದ ನೋಡುತ್ತಾರೆ. ಆ ಗಾಡಿ ಉರುಳಲು ಹಳಿ ಕಾದ ಗ್ಯಾಂಗ್‌ಮನ್ನನ ಮನೆ ಹೇಗಿತ್ತು ಎಂದು ಒಂದು ಮಗುವಾದರೂ ಕೇಳಿದ್ದಿಲ್ಲ. ಹೇಳಿಕೊಡಬೇಕೆಂದು ನನಗೂ ಹೊಳೆಯಲಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಉರುಳಿಬೀಳಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದು ಮಹತ್ಕಾರ್ಯ. ಅವರಿಗೆ ನಾಡು ಋಣಿ. ಆದರೆ ಹಾಗೆ ಬದುಕಿ ಉಳಿದವು ಚೌಕಿಮನೆಗಳು, ಮಹಲುಗಳು. ಕೆತ್ತನೆಯ ಕಂಬಕ್ಕೆ ಕೊಳ್ಳುವವರುಂಟು, ಕಾಯುವವರುಂಟು. ಒಲೆಯ ಹೊಗೆ ಹಿಡಿದ ತಗಡಿಗೆ ಯಾರುಂಟು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ‘ಬಡತನವನ್ನು ಕಾಪಿಡಬೇಕೇನು ಮೇಷ್ಟ್ರೇ? ಒಂದೇ ಕೋಣೆ, ಬೀದಿಯ ನಲ್ಲಿ, ಊರಿಗೊಂದು ಪಾಯಿಖಾನೆ ಇವೆಲ್ಲ ತೊಲಗಲಿ ಎಂದಲ್ಲವೇ ಹೋರಾಡಿದ್ದು?’ ಇದಕ್ಕೆ ನನಗೆ ಉತ್ತರ ದೊರೆತದ್ದು 2023ರ ಡಿಸೆಂಬರಿನಲ್ಲಿ, ಹಳೆಯ ವಿದ್ಯಾರ್ಥಿಗಳು ಕರೆದರೆಂದು ನಲವತ್ತು ವರ್ಷಕ್ಕೂ ಮಿಕ್ಕು ಕಳೆದ ಮೇಲೆ ಆ ಊರಿಗೆ ಹೋದಾಗ. ಊಟ ಮುಗಿದ ಮೇಲೆ ಇವರು ನನ್ನನ್ನು ಮನೆಗೆ ಕರೆದೊಯ್ದರು. ಅದೇ ಸಾಲು, ಅದೇ ಮನೆ. ಆದರೆ ಗುರುತು ಸಿಗಲಿಲ್ಲ. ಮುಂದೆ ಒಂದು ಕೋಣೆ ಬೆಳೆದಿತ್ತು, ಹಿಂದೆ ಬಚ್ಚಲು ಬಂದಿತ್ತು. ನೆಲಕ್ಕೆ ಹೊಳೆಯುವ ಟೈಲ್ಸು, ಗೋಡೆಗೆ ತಿಳಿ ಹಸಿರು ಬಣ್ಣ. ನನ್ನ ಕಣ್ಣು ಬಾಗಿಲ ಪಕ್ಕಕ್ಕೆ ಹೋಯಿತು. ಬಿರುಕು ಇರಲಿಲ್ಲ.

ನಾನು ನೋಡುತ್ತಿರುವುದು ಏನನ್ನೆಂದು ಅವರಿಗೆ ತಿಳಿಯಿತು. ‘ಮುಚ್ಚಿಸಿಬಿಟ್ಟೆ ಸಾರ್. ಸೊಸೆ ಬರೋ ಮನೆ. ಬಿರುಕು ಇಟ್ಟುಕೊಳ್ಳೋಕಾಗುತ್ತಾ?’ ಎಂದರು. ತುಸು ತಡೆದು, ‘ಮುಚ್ಚೋ ಮುಂಚೆ ಅಪ್ಪ ಬರೆದಿದ್ದ ತಾರೀಖುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡೆ’ ಎಂದು ಬೀರುವಿನಿಂದ ಹಳೆಯ ಎಕ್ಸರ್‌ಸೈಜ್ ಪುಸ್ತಕವೊಂದನ್ನು ತೆಗೆದು ತೋರಿಸಿದರು. ಹತ್ತೊಂಬತ್ತು ತಾರೀಖುಗಳು. ಒಂದೊಂದರ ಮುಂದೆ, ಆ ದಿನ ಯಾವ ಪಾಳಿಯಲ್ಲಿ ಯಾರು ಕೆಳಗಿದ್ದರು, ಯಾರು ಮೇಲೆ ಬಂದರು ಎಂದು ತಾಯಿಯನ್ನು ಕೇಳಿ ಕೇಳಿ ಬರೆದಿದ್ದರು. ಬರೆದದ್ದು ಕನ್ನಡದಲ್ಲಿ. ನಾನು ತಿದ್ದಿದ ಅಕ್ಷರ ಅದು.

ಯಾವ ಇಲಾಖೆಯ ಆದೇಶವೂ ಇಲ್ಲದೆ, ಯಾವ ತಜ್ಞರ ಸಲಹೆಯೂ ಇಲ್ಲದೆ ಆತ ಮಾಡಿದ ಕೆಲಸವನ್ನು ನಾವು ದೊಡ್ಡ ಪ್ರಮಾಣದಲ್ಲಿ ಮಾಡಬೇಕು ಎಂಬುದು ನನ್ನ ವಿನಮ್ರ ಅಭಿಪ್ರಾಯ. ಮನೆಯೊಳಗಿರುವವರಿಗೆ ‘ನಿಮ್ಮ ಬಡತನ ಬಹಳ ಸೊಗಸಾಗಿದೆ, ಅದನ್ನು ಕೆಡಿಸಬೇಡಿ’ ಎಂದು ಹೇಳುವ ಅಧಿಕಾರ ನಮಗಿಲ್ಲ. ಅವರು ಟೈಲ್ಸು ಹಾಕಲಿ, ಬಚ್ಚಲು ಕಟ್ಟಲಿ, ಬಿರುಕು ಮುಚ್ಚಲಿ. ಆದರೆ ಮುಚ್ಚುವ ಮುನ್ನ ಬರೆದಿಡಬೇಕು.

ಆದ್ದರಿಂದ ನನಗೆ ತೋಚುವ ಕ್ರಮ ಹೀಗಿದೆ. ಎಲ್ಲಕ್ಕಿಂತ ಮೊದಲು ಹಕ್ಕುಪತ್ರ. ಎಲ್ಲೆಲ್ಲಿ ದುಡಿದವರ ಕುಟುಂಬ ತಲೆಮಾರುಗಳಿಂದ ಲೈನ್ ಮನೆಯಲ್ಲಿದೆಯೋ ಅಲ್ಲೆಲ್ಲ ಆ ಮನೆಗೋ ಅದಕ್ಕೆ ಬದಲಾದ ಮನೆಗೋ ಆ ಕುಟುಂಬದ ಹೆಂಗಸಿನ ಹೆಸರೂ ಸೇರಿದಂತೆ ಹಕ್ಕು ಸಿಗಬೇಕು. ಒಡೆತನವಿಲ್ಲದವನಿಗೆ ಪರಂಪರೆಯ ಉಪದೇಶ ಮಾಡುವುದು ಹಸಿದವನಿಗೆ ಏಕಾದಶಿಯ ಮಹಿಮೆ ಹೇಳಿದಂತೆ.

ಎರಡನೆಯದು ದಾಖಲೆ. ವಾಸ್ತುಶಿಲ್ಪ ಕಲಿಯುವ ಮಕ್ಕಳು ಹಂಪಿಗೂ ಬೇಲೂರಿಗೂ ಹೋಗಿ ಅಳತೆ ತೆಗೆಯುತ್ತಾರೆ, ಸಂತೋಷ. ಒಂದು ತಂಡ ಲೈನ್ ಮನೆಗೂ ಹೋಗಲಿ. ಕೋಣೆಯ ಅಳತೆ, ತಗಡಿನ ಬಗೆ, ನಲ್ಲಿಗೆ ಎಷ್ಟು ಹೆಜ್ಜೆ, ಒಂದು ನಲ್ಲಿಗೆ ಎಷ್ಟು ಮನೆ ಎಂಬುದನ್ನೆಲ್ಲ ಬರೆದಿಡಲಿ. ಜೊತೆಗೆ ಅಲ್ಲಿನ ಹಿರಿಯ ಹೆಂಗಸರ ಮಾತನ್ನು ಅವರ ನುಡಿಯಲ್ಲೇ ಧ್ವನಿಮುದ್ರಿಸಲಿ. ಇದಕ್ಕೆ ಹೆಚ್ಚಿನ ಹಣ ಬೇಡ. ಕಾಲ ಮಾತ್ರ ಹೆಚ್ಚಿಲ್ಲ. ಗಣಿ ಮುಚ್ಚಿದ ದಿನ ಮೂವತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತರ ಹತ್ತಿರ.

ಮೂರನೆಯದು, ಜನ ಬಿಟ್ಟುಹೋಗಿ ಖಾಲಿ ಬಿದ್ದಿರುವ ಒಂದೇ ಒಂದು ಸಾಲನ್ನು ಅಲ್ಲಿಯವರ ಒಪ್ಪಿಗೆಯಿಂದ ಇದ್ದದ್ದು ಇದ್ದಂತೆ ಉಳಿಸುವುದು. ಸುಣ್ಣ ಬಳಿದು ಚಂದಗಾಣಿಸದೆ, ಬಿರುಕಿನ ಸಮೇತ, ಬೀದಿಯ ನಲ್ಲಿಯ ಸಮೇತ, ಸಾಲಿಗೊಂದು ಪಾಯಿಖಾನೆಯ ಸಮೇತ. ಬಂಗಲೆಯನ್ನು ನೋಡಲು ಬಂದವರು ಅದನ್ನೂ ನೋಡಿಕೊಂಡು ಹೋಗಲಿ. ಎರಡನ್ನೂ ಒಂದೇ ದಿನ ನೋಡಿದವರಿಗೆ ಗಣಿಯ ಚರಿತ್ರೆಯನ್ನು ಬೇರೆ ಪಾಠ ಮಾಡಬೇಕಾದ್ದಿಲ್ಲ. ದಾರಿ ತೋರಿಸುವ ಕೆಲಸ ಅಲ್ಲಿಯ ಮಕ್ಕಳಿಗೇ ಸಿಗಲಿ. ನಸುಕಿನ ರೈಲಿನಲ್ಲಿ ನಾಲ್ಕು ಸೀಟಾದರೂ ಖಾಲಿಯಾದೀತು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ನಮ್ಮ ಗಾದೆ ಹುಟ್ಟಿದ್ದು ಮನೆ ಕಟ್ಟುವ ಅವಕಾಶವಿದ್ದವರ ನಡುವೆ. ಬೇರೊಬ್ಬರು ಕಟ್ಟಿಸಿದ, ಯಾವತ್ತು ಬೇಕಾದರೂ ಬಿಡಿಸಬಹುದಾದ ಕೋಣೆಯಲ್ಲಿ ಐವತ್ತು ವರ್ಷ ಸಂಸಾರ ಮಾಡಿ ಮಕ್ಕಳನ್ನು ದಡ ಮುಟ್ಟಿಸಿದವರ ಪಾಡಿಗೆ ಗಾದೆಯೇ ಇಲ್ಲ.

ಕೊನೆಗೆ ನನ್ನ ವಿದ್ಯಾರ್ಥಿಗೆ ಉತ್ತರ ಬರೆದೆ. ‘ಅಪ್ಪಾ, ನಿನ್ನ ಮನೆಯ ಬೆಲೆ ನನಗೆ ಗೊತ್ತಿಲ್ಲ. ಆ ಎಕ್ಸರ್‌ಸೈಜ್ ಪುಸ್ತಕವನ್ನು ಮಾತ್ರ ಯಾರು ಕೇಳಿದರೂ ಮಾರಬೇಡ. ಅದರ ನಕಲು ತೆಗೆಸಿ ಒಂದನ್ನು ಮಗನಿಗೆ ಕಳುಹಿಸು, ಒಂದನ್ನು ನನಗೆ ಕಳುಹಿಸು.’

ಮೊನ್ನೆ ಅಂಚೆಯಲ್ಲಿ ಲಕೋಟೆ ಬಂತು. ಹತ್ತೊಂಬತ್ತು ತಾರೀಖುಗಳ ಆ ಎರಡು ಹಾಳೆಗಳ ಕೆಳಗೆ ಹೊಸದಾಗಿ ಒಂದು ಸಾಲನ್ನು ಸೇರಿಸಿದ್ದರು: ‘ಇಷ್ಟು ಸಾರಿ ನಡುಗಿದರೂ ಮನೆ ಬೀಳಲಿಲ್ಲ.’